ಅಳಿಯಕಟ್ಟಿನ ಮನೆಯಲ್ಲಿ ಹೆಣ್ಣಿನ ಪಾಲು

ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ಅವರಿನ್ನೂ ಸಣ್ಣ ಹುಡುಗಿಯಾಗಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಸಾರಸ್ವತರ ಮನೆ, ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೂ ಮಗಳಿಗೂ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ. ಆ ಹಂಗು ಬೇಡವೆಂದು ಗಿರಿಜಾಬಾಯಿ ಅದನ್ನೂ ನಿರಾಕರಿಸಿದರು.

ಆಗ ಅದೇ ಜಿಲ್ಲೆಯ ಬಂಟರ, ಬಿಲ್ಲವರ, ಮೊಗವೀರರ, ತುಳುನಾಡಿನ ಜೈನರ ಮನೆಗಳಲ್ಲಿ ಅಳಿಯಕಟ್ಟು ಅಥವಾ ಅಳಿಯಸಂತಾನ ಎಂಬ ಬೇರೆಯೇ ಕಟ್ಟು ನಡೆಯುತ್ತಿತ್ತು. ಮಕ್ಕಳು ತಾಯಿಯ ಬರಿಗೆ, ಅಂದರೆ ವಂಶಕ್ಕೆ ಸೇರಿದವರು, ಆಸ್ತಿ ತಾಯಿಯ ಕುಟುಂಬದ್ದು, ಹೆಣ್ಣಿಗೆ ಹುಟ್ಟಿದ ಮನೆಯ ಮೇಲೆ ಹುಟ್ಟಿನಿಂದಲೇ ಹಕ್ಕು. ಕಾಲೇಜಿನಲ್ಲಿ ಸ್ತ್ರೀವಾದದ ಪಾಠ ಶುರುಮಾಡುವಾಗ ನಾನು ಈ ಎರಡು ಬಗೆಯ ಮನೆಗಳನ್ನು ಎದುರುಬದುರು ನಿಲ್ಲಿಸುತ್ತೇನೆ. ನೆಲ ಒಂದೇ, ಮಳೆ ಒಂದೇ, ಹೆಣ್ಣಿನ ದೇಹವೂ ಒಂದೇ. ಆದರೂ ಗಂಡ ಸತ್ತ ಮರುದಿನ ಒಬ್ಬಳಿಗೆ ನಿಲ್ಲಲು ನೆಲೆಯಿಲ್ಲ, ಇನ್ನೊಬ್ಬಳಿಗೆ ಇದೆ. ಈ ವ್ಯತ್ಯಾಸ ಮಾಡಿದ್ದು ಮನುಷ್ಯರು ಕಟ್ಟಿಕೊಂಡ ಕಟ್ಟಳೆ. ಲಿಂಗತ್ವದ ಅಧ್ಯಯನ ಹೇಳಿಕೊಡುವ ಮೊದಲ ಪಾಠ ಇದೇ.

ಅಳಿಯಕಟ್ಟಿನ ಹುಟ್ಟನ್ನು ನಮ್ಮ ಕಡೆ ಭೂತಾಳಪಾಂಡ್ಯನ ಕತೆಯಿಂದ ಹೇಳುತ್ತಾರೆ. ಕುಂಡೋದರನೆಂಬ ಭೂತ ಬಲಿ ಕೇಳಿದಾಗ ಅರಸನ ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಮುಂದೆ ತಂದಳು. ಮೆಚ್ಚಿದ ಭೂತ ಬಲಿ ಬಿಟ್ಟು, ಇನ್ನು ಮೇಲೆ ಸೋದರಳಿಯನೇ ಹಕ್ಕುದಾರ ಎಂದಿತು. ಅದು ಕತೆ. ಚರಿತ್ರೆಯಲ್ಲಿ ಗಟ್ಟಿಯಾಗಿ ಕಾಣುವವರು ಇದೇ ಕಟ್ಟಿನ ಉಳ್ಳಾಲದ ಚೌಟ ರಾಣಿಯರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡಾಗ, ಆಕೆ ನೀರಿನ ಕಾಲುವೆಯ ಕೆಲಸ ನೋಡಿಕೊಂಡು ಬರಿಗಾಲಲ್ಲಿ ನಡೆದು ಬರುತ್ತಿದ್ದಳು.

ರಾಣಿಯರ ಮಾತು ಅಷ್ಟು ಸಾಕು. ಸಾಮಾನ್ಯ ಮನೆಗಳಲ್ಲಿ ಈ ಕಟ್ಟು ಹೇಗೆ ನಡೆಯುತ್ತಿತ್ತು ಎಂದು ನಾನು ತಿಳಿದದ್ದು ನನ್ನ ಅಜ್ಜಿಯಿಂದ. ಮದುವೆಯಾಗಿ ಗಂಡನ ಮನೆಗೆ ಹೋದವರು ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡರು. ಆ ಮನೆಯಲ್ಲಿ ಅವರಿಗಾಗಲಿ ಮಕ್ಕಳಿಗಾಗಲಿ ಹಕ್ಕಿರಲಿಲ್ಲ. ಅದು ಗಂಡನ ತಾಯಿಯ ಕುಟುಂಬದ್ದು. ಮಕ್ಕಳ ಕೈ ಹಿಡಿದು ತಾಯಿಮನೆಗೆ ಬಂದರು. ಅಲ್ಲಿ ಯಾರೂ ಅವರನ್ನು 'ಯಾಕೆ ಬಂದೆ' ಎಂದು ಕೇಳುವಂತಿರಲಿಲ್ಲ. ತಲೆ ಬೋಳಿಸುವ ಮಾತಿರಲಿಲ್ಲ; ಬೇಕೆಂದರೆ ಬುಡುದಾರೆಯ ಶಾಸ್ತ್ರ ಮಾಡಿಕೊಂಡು ಇನ್ನೊಂದು ಮದುವೆಯಾಗಬಹುದಿತ್ತು.

ಆದರೆ ಯಜಮಾನಿಕೆ? ಯಾವ ಒಕ್ಕಲಿನಿಂದ ಎಷ್ಟು ಮುಡಿ ಅಕ್ಕಿ ಗೇಣಿ ಬರಬೇಕು, ಯಾವ ಬೈಲಿಗೆ ಯಾವ ಬೀಜ, ನೇಮಕ್ಕೆ ಎಷ್ಟು ತೆಂಗಿನಕಾಯಿ ತೆಗೆದಿಡಬೇಕು ಎಂಬುದೆಲ್ಲ ಅಜ್ಜಿಯ ನಾಲಗೆಯ ತುದಿಯಲ್ಲಿತ್ತು. ಕಾಗದಕ್ಕೆ ರುಜು ಹಾಕುವವರು ಮಾತ್ರ ಅವರ ಅಣ್ಣ, ನಮ್ಮ ಅಮ್ಮನ ತಮ್ಮಲೆ, ಅಂದರೆ ಸೋದರಮಾವ. ಕುಟುಂಬದ ಹಿರಿಯ ಸದಸ್ಯೆ ಯಜಮಾನ್ತಿಯಾಗಲು ಕಟ್ಟಳೆಯಲ್ಲಿ ಅಡ್ಡಿಯಿರಲಿಲ್ಲ. ನಡೆವಳಿಕೆಯಲ್ಲಿ ಪೆಟ್ಟಿಗೆಯ ಕೀಲಿಕೈ ಹೆಚ್ಚಾಗಿ ಗಂಡಸಿನ ಸೊಂಟದಲ್ಲೇ ಇರುತ್ತಿತ್ತು.

ಇದನ್ನೇ ಸ್ತ್ರೀವಾದಿ ವಿದ್ವಾಂಸರು ಬಿಡಿಸಿ ನೋಡಿದರು. ಯುರೋಪಿನಲ್ಲಿ 1861ರಲ್ಲಿ ಬಾಕೊಫೆನ್, 1884ರಲ್ಲಿ ಎಂಗೆಲ್ಸ್, ಒಂದು ಕಾಲಕ್ಕೆ ಲೋಕದಲ್ಲೆಲ್ಲ ತಾಯಿಯ ಹಕ್ಕೇ ನಡೆಯುತ್ತಿತ್ತು ಎಂದು ಬರೆದರು. ಆಮೇಲಿನವರು ಅದನ್ನು ಹಾಗೆಯೇ ಒಪ್ಪಲಿಲ್ಲ. ನಮ್ಮ ದೇಶದ ಲೀಲಾ ದುಬೆ ಲಕ್ಷದ್ವೀಪದ ಮುಸ್ಲಿಮರ ತಾಯಿಮೂಲದ ಕುಟುಂಬಗಳ ಬಗ್ಗೆ 1969ರಲ್ಲಿ ಪುಸ್ತಕ ತಂದರು. ಬೀನಾ ಅಗರ್‌ವಾಲ್ 1994ರ ತಮ್ಮ ಪುಸ್ತಕದಲ್ಲಿ ದಕ್ಷಿಣ ಏಷ್ಯಾದ ಹೆಂಗಸರನ್ನೂ ಭೂಮಿಯನ್ನೂ ಒಟ್ಟಿಗಿಟ್ಟು ಪರಿಶೀಲಿಸಿದರು. ಇಂಥ ಕೆಲಸದಿಂದ ನಾನು ಕಲಿತದ್ದು ನಾಲ್ಕು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವುದನ್ನು: ವಂಶ ಯಾರಿಂದ ಮುಂದುವರಿಯುತ್ತದೆ? ಸೂರಿನ ಹಕ್ಕು ಯಾರದು? ಭೂಮಿ ಯಾರದು? ರುಜು ಯಾರದು? ಅಳಿಯಕಟ್ಟು ಮೊದಲ ಮೂರಕ್ಕೆ ಹೆಣ್ಣನ್ನು ಸೇರಿಸಿಕೊಂಡಿತು. ನಾಲ್ಕನೆಯದರಲ್ಲಿ ಅವಳನ್ನು ಹಿಂದೆ ನಿಲ್ಲಿಸಿತು.

ಬಾಕೊಫೆನ್ ಬರೆಯುತ್ತಿದ್ದ ಆ ದಶಕದಲ್ಲೇ ಮದರಾಸಿನ ಹೈಕೋರ್ಟು ನಮ್ಮ ಕಟ್ಟಿನ ಮೇಲೆ ತೀರ್ಪು ಕೊಡತೊಡಗಿತ್ತು. ಕುಟುಂಬದ ಆಸ್ತಿಯನ್ನು ಒಬ್ಬರ ಒತ್ತಾಯಕ್ಕೆ ಪಾಲುಮಾಡುವಂತಿಲ್ಲ ಎಂದು 1863ರಲ್ಲಿ ಹೇಳಿತು. 1869ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಹೆಂಗಸು ತನ್ನಿಚ್ಛೆಯಂತೆ ಬಿಟ್ಟುಹೋಗಬಹುದಾದ ಈ ಸಂಬಂಧ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ ಎಂದಿತು. ಹೆಂಗಸು ಗಂಡನ ಸೊತ್ತಲ್ಲ ಎಂಬುದನ್ನು ನ್ಯಾಯಾಧೀಶರು ಕೊರತೆಯೆಂದು ಓದಿದರು. ಧಾರೆಯೆರೆದು ಮಾಡಿದ ಮದುವೆಗೆ ಬಿದ್ದ ಆ ಕಳಂಕ ನಮ್ಮ ಹಿರಿಯರನ್ನು ಬಹುಕಾಲ ಕುಗ್ಗಿಸಿತು.

ಒಳಗಿನಿಂದಲೂ ಒತ್ತಡವಿತ್ತು. ಇಪ್ಪತ್ತನೆಯ ಶತಮಾನದಲ್ಲಿ ನಮ್ಮವರು ಮುಂಬಯಿಗೆ ಹೋಗಿ ಹೋಟೆಲು ಇಟ್ಟರು, ಕಚೇರಿ ಸೇರಿದರು. ಬೆವರು ಸುರಿಸಿ ಗಳಿಸಿದ್ದು ತನ್ನ ಹೆಂಡತಿ ಮಕ್ಕಳಿಗೆ ಸಲ್ಲಲಿ ಎಂದು ಅಪ್ಪಂದಿರು ಬಯಸಿದರು. ಆ ಬಯಕೆಯಲ್ಲಿ ಅನ್ಯಾಯವೇನಿಲ್ಲ. ಯಜಮಾನನ ದರ್ಬಾರಿನಿಂದ ಬೇಸತ್ತ ಕವರುಗಳೂ, ಅಂದರೆ ಕುಟುಂಬದ ಶಾಖೆಗಳೂ, ಪಾಲು ಕೇಳುತ್ತಿದ್ದವು. 1949ರ ಮದರಾಸು ಅಳಿಯಸಂತಾನ ಕಾಯಿದೆ ಅದಕ್ಕೆ ದಾರಿ ತೆರೆಯಿತು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಕಡೆಯ ಸಂತತಿ ಸೇರಿ ಒಂದು ಕವರು. ಅದು ಬಹುಮತದಿಂದ ಪಾಲು ಕೇಳಬಹುದಾಯಿತು. ಹೆಣ್ಣುಸಂತತಿ ಮುಂದುವರಿಯದ ನಿಸ್ಸಂತತಿ ಕವರಿಗೆ ಸಾಮಾನ್ಯವಾಗಿ ಜೀವಿತಾವಧಿಯ ಅನುಭೋಗ ಮಾತ್ರ. ಅಂದರೆ ಪಾಲಿನ ಲೆಕ್ಕ ಆಗಲೂ ಹೆಣ್ಣಿನ ಹೊಟ್ಟೆಯಿಂದಲೇ ಎಣಿಕೆಯಾಗುತ್ತಿತ್ತು.

ಆ ಎಣಿಕೆಯನ್ನು ತಪ್ಪಿಸಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಸತ್ತವರ ಪಾಲು ಅಲ್ಲಿಂದ ಮುಂದೆ ಕವರಿನಲ್ಲಿ ಉಳಿಯದೆ ಅವರವರ ವಾರಸುದಾರರಿಗೆ ಹರಿಯಿತು. ಬಳಿಕ 1974ರ ಭೂಸುಧಾರಣೆ ಬಂತು. ಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು; ತಲೆಮಾರುಗಳಿಂದ ದುಡಿದವರಿಗೆ ಅದು ಸಲ್ಲಬೇಕಾದದ್ದೇ, ನಮ್ಮ ಕುಟುಂಬದ ಗದ್ದೆ ಹೋಯಿತೆಂದು ನಾನು ಅಳುವುದಿಲ್ಲ. ನನ್ನನ್ನು ಕಾಡುವುದು ಬೇರೆ. ನಾನು ಕಂಡ ಡಿಕ್ಲರೇಶನ್ ಕಾಗದಗಳಲ್ಲಿ ಅರ್ಜಿದಾರ ಹೆಚ್ಚಾಗಿ ಗಂಡಸು. ಒಕ್ಕಲುಮನೆಗಳೂ ಅಳಿಯಕಟ್ಟಿನವೇ, ನೇಜಿ ನೆಟ್ಟವರೂ ಕೊಯ್ದವರೂ ಅಲ್ಲಿನ ಹೆಂಗಸರೇ.

1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಅವಿಭಕ್ತ ಕುಟುಂಬದ ಮಗಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟವು. ಇದು ಹೊಸ ಮಾತೆಂದು ಪತ್ರಿಕೆಗಳು ಬರೆದಾಗ, ನಮ್ಮ ಅಜ್ಜಿಯಂದಿರಿಗೆ ಇದು ಹಳೆಯ ಹಕ್ಕೆಂದು ತರಗತಿಯಲ್ಲಿ ಹೇಳಿದ್ದೆ. ಇಂದು ಆ ಅಜ್ಜಿಯಂದಿರ ಮೊಮ್ಮಕ್ಕಳು, ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬ ಒಂದು ಮಾತಿಗೆ ತಲೆಬಾಗಿ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಿದ್ದಾರೆ. ರುಜು ಕೊನೆಗೂ ಹೆಣ್ಣಿನ ಕೈಗೆ ಬಂದದ್ದು ಪಾಲು ಬಿಟ್ಟುಕೊಡುವುದಕ್ಕಾಗಿ!

ಅಳಿಯಕಟ್ಟು ಮರಳಿ ಬರಲಿ ಎಂದು ನಾನು ಕೇಳುವುದಿಲ್ಲ. ಅಪ್ಪನ ಮನೆಯಲ್ಲಿ ಮಕ್ಕಳನ್ನು ಪರಕೀಯರಾಗಿಸಿದ ಕಟ್ಟು ಅದು. ನನ್ನ ವಿದ್ಯಾರ್ಥಿನಿಯರಿಗೆ ಹೇಳುವುದು ಇಷ್ಟು: ಹೆಣ್ಣಿಗೆ ಭೂಮಿಯಲ್ಲಿ ಪಾಲು ಕೊಟ್ಟರೆ ಮನೆ ಒಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಜಿಲ್ಲೆಯ ಮನೆಗಳು ತಲತಲಾಂತರ ನಿಂತದ್ದೇ ಆ ಪಾಲಿನ ಮೇಲೆ. ನಿಮ್ಮ ಮನೆಯ ಪಹಣಿ ತೆಗೆಸಿ, ಹೆಸರು ಓದಿ, ನಿಮ್ಮದಿಲ್ಲದಿದ್ದರೆ ಏಕಿಲ್ಲವೆಂದು ಕೇಳಿ.