ಸ್ವೇಲ್‌ಡೇಲಿನ ಹೆಣದ ದಾರಿ: ಕಾಲುದಾರಿಯ ಹಕ್ಕಿನ ಕುರಿತು ಒಂದು ಟಿಪ್ಪಣಿ

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಸೀಮೆಯಲ್ಲಿ ಸ್ವೇಲ್ ನದಿ ಹರಿಯುವ ಕಣಿವೆಗೆ ಸ್ವೇಲ್‌ಡೇಲ್ ಎಂದು ಹೆಸರು. ಕಣಿವೆಯ ಮೇಲ್ತುದಿಯಲ್ಲಿ ಕೆಲ್ಡ್ ಎಂಬ ಪುಟ್ಟ ಊರಿದೆ. ಹೊಳೆಯ ಜೊತೆ ಇಳಿದರೆ ಮ್ಯೂಕರ್, ಗನ್ನರ್‌ಸೈಡ್, ಕೊನೆಗೆ ಗ್ರಿಂಟನ್. ಒಟ್ಟು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬೇಸಿಗೆಯಲ್ಲಿ ಇಲ್ಲಿ ನಡೆಯಲು ಬರುವವರಿಗೆ ಕೈಪಿಡಿಗಳೆಲ್ಲ ಹೇಳುವುದು ಒಂದೇ ಕಥೆ: ಇದು ಹೆಣದ ದಾರಿ, ಮೇಲಿನ ಊರುಗಳ ಸತ್ತವರನ್ನು ಗ್ರಿಂಟನ್‌ಗೆ ಹೊತ್ತು ತರುತ್ತಿದ್ದ ದಾರಿ. ಹೆಣ ಹೊರುವುದು ನಿಂತು ನಾನೂರು ವರ್ಷ ದಾಟಿದೆ. ದಾರಿಯ ಎರಡು ಬದಿಯ ಹೊಲಗಳೂ ಖಾಸಗಿಯವರವು. ಹಾಗಿದ್ದೂ ಊರಿಗೆ ಸಂಬಂಧವೇ ಇಲ್ಲದವನೊಬ್ಬ ಯಾರ ಅಪ್ಪಣೆಯನ್ನೂ ಕೇಳದೆ ಇವತ್ತು ಅಲ್ಲಿ ನಡೆದುಹೋಗಬಹುದು. ಈ ಟಿಪ್ಪಣಿ ಅದು ಹೇಗೆಂದು ನೋಡುತ್ತದೆ.

ಮೊದಲು ಕಥೆಯಲ್ಲಿ ಗಟ್ಟಿಯಾದದ್ದೆಷ್ಟು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಗ್ರಿಂಟನ್‌ನ ಸೇಂಟ್ ಆಂಡ್ರೂ ಚರ್ಚು ಇಡೀ ಮೇಲ್ಕಣಿವೆಗೆ ತಾಯಿಚರ್ಚು. ಹೂಳುವ ಹಕ್ಕು ಅದರದ್ದು. 1580ರಲ್ಲಿ ಮ್ಯೂಕರ್‌ನಲ್ಲಿ ಪುಟ್ಟ ಚರ್ಚು ಕಟ್ಟಿ, ಅದರ ಅಂಗಳವನ್ನು ಹೂಳುವುದಕ್ಕೆಂದು ಪವಿತ್ರೀಕರಿಸಿದ ಮೇಲೆ ಆ ದೂರದ ಹೊರೆ ತಪ್ಪಿತು. ಇಷ್ಟು ನಿಶ್ಚಿತ. ಬೆತ್ತದ ಬುಟ್ಟಿಯಂಥ ಪೆಟ್ಟಿಗೆಯಲ್ಲಿ ಹೊರುತ್ತಿದ್ದರು, ಎರಡು ದಿನ ಹಿಡಿಯುತ್ತಿತ್ತು, ದಾರಿಯಲ್ಲಿ ಇಳಿಸಿ ದಣಿವಾರಿಸಿಕೊಳ್ಳಲು ಚಪ್ಪಟೆ ಕಲ್ಲುಗಳಿದ್ದವು ಎಂಬುದೆಲ್ಲ ಬಾಯಿಂದ ಬಾಯಿಗೆ ಬಂದದ್ದು. ಐವ್ಲೆಟ್‌ನ ಕಮಾನು ಸೇತುವೆಯ ಬಳಿ ಅಂಥದೊಂದು ಕಲ್ಲನ್ನು ತೋರಿಸುತ್ತಾರೆ. ಅದು ಚಪ್ಪಟೆಯಾಗಿದೆ, ಉದ್ದವಾಗಿದೆ, ಸೇತುವೆಯ ಪಕ್ಕದಲ್ಲಿದೆ. ಅದರ ಮೇಲೆ ಏನೂ ಬರೆದಿಲ್ಲ.

ಇನ್ನು 1580ರ ನಂತರ ಈ ಮಾರ್ಗಗಳಲ್ಲಿ ನಡೆದವರು ಯಾರು? ಕೈಪಿಡಿಗಳಿಗೆ ಇದರಲ್ಲಿ ಆಸಕ್ತಿ ಇಲ್ಲ. ಆದರೆ ದಾರಿ ಉಳಿದದ್ದು ಇವರಿಂದಲೇ. ಸೀಸದ ಗಣಿಯ ಕೂಲಿಗಳು, ಹೇರು ಹೊತ್ತ ಕುದುರೆಗಳ ಸಾಲು, ಹುಲ್ಲು ಕುಯ್ಯಲು ಹೋಗುವವರು, ಕೆಲ್ಡ್‌ನ ಉತ್ತರಕ್ಕಿರುವ ಟ್ಯಾನ್ ಹಿಲ್‌ನ ಕಲ್ಲಿದ್ದಲು ಗುಂಡಿಗಳಿಂದ ಉರುವಲು ತರುವವರು. 528 ಮೀಟರ್ ಎತ್ತರದಲ್ಲಿ, ಮನೆಮಠವಿಲ್ಲದ ಬೋಳುಗುಡ್ಡದ ಮೇಲೆ ನಿಂತಿರುವ ಟ್ಯಾನ್ ಹಿಲ್ ಇನ್ ಬ್ರಿಟನ್ನಿನ ಅತಿ ಎತ್ತರದ ಪಬ್ಬು. ಅಲ್ಲಿ ಯಾಕೆ ಪಬ್ಬು ಎಂದು ಇವತ್ತು ಹೋದವರಿಗೆಲ್ಲ ಅನ್ನಿಸುತ್ತದೆ. ಗಣಿಯವರು ಇದ್ದರು, ಅದಕ್ಕೆ. 19ನೆಯ ಶತಮಾನದ ಕೊನೆಗೆ ಸೀಸದ ಬೆಲೆ ಬಿದ್ದು ಕಣಿವೆಯಿಂದ ಜನ ಗುಳೆ ಹೋದರು, ಮುಂದೆ ಕಲ್ಲಿದ್ದಲೂ ನಿಂತಿತು. ಪಬ್ಬು ಮಾತ್ರ ಉಳಿಯಿತು.

ಇಂಗ್ಲೆಂಡಿನಲ್ಲಿ ಕಾಲುದಾರಿ ಎಂದರೆ ಕಾನೂನಿನ ದೃಷ್ಟಿಯಲ್ಲಿ ಹೆದ್ದಾರಿಯೇ. ಒಮ್ಮೆ ಸಾರ್ವಜನಿಕವಾದದ್ದು, ಕ್ರಮಬದ್ಧವಾಗಿ ಮುಚ್ಚುವ ತನಕ ಸಾರ್ವಜನಿಕವೇ. ನಡೆಯುವವರು ಕಡಿಮೆಯಾದ ಮಾತ್ರಕ್ಕೆ ಹಕ್ಕು ಸವೆಯುವುದಿಲ್ಲ. ಆದರೆ ಮುಚ್ಚುವುದು ಒಂದು ಕಾಲಕ್ಕೆ ಬಹಳ ಸಲೀಸಾಗಿತ್ತು. 1815ರ ಕಾಯ್ದೆಯೊಂದು, ಇಬ್ಬರು ಮ್ಯಾಜಿಸ್ಟ್ರೇಟರು ಅನಗತ್ಯವೆಂದು ಬಗೆದ ದಾರಿಯನ್ನು ಮುಚ್ಚಿಸಲು ಅವಕಾಶ ಕೊಟ್ಟಿತು. ಈ ಮ್ಯಾಜಿಸ್ಟ್ರೇಟರು ಸ್ವತಃ ಜಮೀನ್ದಾರರು. ಒಬ್ಬರ ತೋಟದ ದಾರಿ ಇನ್ನೊಬ್ಬರಿಗೆ ಅನಗತ್ಯವಾಗಿ ಕಂಡರೆ ಆಶ್ಚರ್ಯವೇನಿಲ್ಲ. ಇದಕ್ಕೆ ಎದುರಾಗಿ 1824ರಲ್ಲಿ ಯಾರ್ಕ್‌ನಲ್ಲಿ, 1826ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಾಲುದಾರಿ ರಕ್ಷಣಾ ಸಂಘಗಳು ಹುಟ್ಟಿದವು. 1932ರ ಕಾಯ್ದೆ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಜನ ಬಳಸಿದ ದಾರಿಯನ್ನು ಸಾರ್ವಜನಿಕವೆಂದು ಭಾವಿಸಬಹುದೆಂದಿತು. 1949ರ ಕಾಯ್ದೆ ಕೌಂಟಿ ಕೌನ್ಸಿಲುಗಳಿಗೆ ಎಲ್ಲ ದಾರಿಗಳನ್ನೂ ಅಳೆದು ನಕಾಶೆಗೆ ಏರಿಸಲು ಹೇಳಿತು.

ಈ ಕೊನೆಯ ಕೆಲಸದ ಮೇಲೆ ಸ್ವಲ್ಪ ನಿಲ್ಲಬೇಕು. ಕೌಂಟಿಗಳು ಮೊದಲ ಹಂತವನ್ನು ಊರಿನ ಪ್ಯಾರಿಷ್ ಕೌನ್ಸಿಲುಗಳಿಗೆ ಒಪ್ಪಿಸಿದವು. ಊರವರೇ ದಾರಿ ನಡೆದು, ಒಂದೊಂದಕ್ಕೂ ನಂಬರು ಕೊಟ್ಟು, ಎಲ್ಲಿ ಗೇಟು, ಎಲ್ಲಿ ತಡಬೆ, ಎಷ್ಟು ವರ್ಷದಿಂದ ಬಳಕೆ ಎಂದು ಬರೆದುಕೊಟ್ಟರು. ಕೆಲವು ಊರುಗಳಲ್ಲಿ ಶ್ರದ್ಧೆಯಿಂದ, ಕೆಲವು ಊರುಗಳಲ್ಲಿ ಕಾಟಾಚಾರಕ್ಕೆ. ಪ್ಯಾರಿಷ್ ಗಡಿ ದಾಟಿದ ಕೂಡಲೇ ದಾರಿಯೊಂದು ನಕಾಶೆಯಲ್ಲಿ ಫಕ್ಕನೆ ನಿಂತುಹೋಗುವ ವಿಚಿತ್ರಕ್ಕೆ ಎಷ್ಟೋ ಕಡೆ ಇದೇ ಕಾರಣ. ಹೀಗೆ ತಯಾರಾದ ನಕಾಶೆಯಲ್ಲಿ ದಾರಿ ಇದ್ದರೆ ಹಕ್ಕಿಗೆ ಅದೇ ನಿರ್ಣಾಯಕ ಸಾಕ್ಷಿ. ಇಲ್ಲದಿದ್ದರೆ ಹಕ್ಕು ಇಲ್ಲವೆಂದೇನೂ ಅಲ್ಲ, ಸಾಬೀತು ಮಾಡುವ ಹೊಣೆ ಕೇಳುವವರ ಮೇಲೆ. ಹಳೆಯ ದಾರಿಗಳನ್ನು ಸೇರಿಸಲು 2000ದ ಕಾಯ್ದೆ 2026ರ ಗಡುವು ಇಟ್ಟಿತ್ತು. ಅದು 2031ಕ್ಕೆ ಹೋಯಿತು. 2024ರ ಡಿಸೆಂಬರಿನಲ್ಲಿ ಗಡುವನ್ನೇ ರದ್ದುಪಡಿಸುವುದಾಗಿ ಸರ್ಕಾರ ಪ್ರಕಟಿಸಿತು.

ನಡಿಗೆಯ ಹಕ್ಕಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಿಂಡರ್ ಸ್ಕೌಟ್‌ನಿಂದ ಶುರುಮಾಡುತ್ತಾರೆ. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಮತ್ತು ಸಂಗಡಿಗರು ಡರ್ಬಿಷೈರಿನ ಆ ಗುಡ್ಡಕ್ಕೆ ನುಗ್ಗಿದ್ದು, ಐವರು ಜೈಲಿಗೆ ಹೋದದ್ದು ನಿಜಕ್ಕೂ ದೊಡ್ಡ ಘಟನೆ. ಆದರೆ ಅವರು ಕೇಳಿದ್ದು ದಾರಿ ಬಿಟ್ಟು ಬಯಲಿನಲ್ಲಿ ತಿರುಗುವ ಹಕ್ಕು. ಅದು ಕಾನೂನಾದದ್ದು 2000ದಲ್ಲಿ, ಅದೂ ಗುಡ್ಡ, ಬೀಳು, ಗೋಮಾಳದಂಥ ಭೂಮಿಗೆ ಮಾತ್ರ. ಇಂಗ್ಲೆಂಡು ಮತ್ತು ವೇಲ್ಸಿನ ಸುಮಾರು 2,25,000 ಕಿಲೋಮೀಟರ್ ಹಕ್ಕಿನ ದಾರಿಗಳ ಮಟ್ಟಿಗೆ, ಮಳೆಯಲ್ಲಿ ನೆನೆದುಕೊಂಡು ತಡಬೆ ಎಣಿಸಿದ ಹೆಸರಿಲ್ಲದ ಪ್ಯಾರಿಷ್ ಸದಸ್ಯರ ಋಣವೇ ದೊಡ್ಡದೆಂದು ನನ್ನ ಅಭಿಪ್ರಾಯ.

ಹಕ್ಕಾದರೂ ಎಷ್ಟು ಎಂಬುದನ್ನು ಮ್ಯೂಕರ್‌ನಲ್ಲೇ ನೋಡಬಹುದು. ಊರಿನ ಮನೆಗಳ ಹಿಂದಿನಿಂದ ಹೊಳೆಯ ಕಡೆಗೆ ಹುಲ್ಲುಗಾವಲುಗಳ ನಡುವೆ ಒಂದು ದಾರಿ ಹೋಗುತ್ತದೆ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲಕ್ಕೆ ಹಾಸುಗಲ್ಲು ಹಾಕಿದ್ದಾರೆ. ಒಂದು ಗಾವಲಿನಿಂದ ಇನ್ನೊಂದಕ್ಕೆ ದಾಟಲು ಗಾರೆಯಿಲ್ಲದ ಕಲ್ಲುಗೋಡೆಯಲ್ಲಿ ಸಂದು ಬಿಟ್ಟಿದ್ದಾರೆ: ಮೇಲೆ ಅಗಲ, ಕೆಳಗೆ ಕಿರಿದು. ಮನುಷ್ಯನ ಕಾಲು ತೂರುತ್ತದೆ, ಕುರಿಯ ಹೊಟ್ಟೆ ತೂರುವುದಿಲ್ಲ. ಜೊತೆಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗಿನ ಮರದ ಬಾಗಿಲು. ಸಾಲಾಗಿ ನಡೆಯಿರೆಂದು ಕೋರುವ ಫಲಕಗಳೂ ಇವೆ. ಉತ್ತ ಹೊಲಕ್ಕಾದರೆ ಕಾನೂನು ಖಚಿತ: ಹೊಲದ ನಡುವಿನ ಕಾಲುದಾರಿಯನ್ನು ಉಳಬಹುದು, ಆದರೆ ಹದಿನಾಲ್ಕು ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ನಡೆಯುವಂತೆ ಮಾಡಿಕೊಡಬೇಕು, ಬೆಳೆ ಅದರ ಮೇಲೆ ಬಾಗಬಾರದು. ಹುಲ್ಲಿಗೆ ಈ ಬೆಳೆಯ ನಿಯಮ ಅನ್ವಯಿಸುವುದಿಲ್ಲ. ಚಳಿಗಾಲದ ಮೇವು ತುಳಿತಕ್ಕೆ ಸಿಗದಿರಲೆಂದು ರೈತ ಕೇಳಿಕೊಳ್ಳುತ್ತಾನೆ, ನಡೆಯುವವನಿಗಿರುವುದು ಸುಮ್ಮನೆ ಹಾದುಹೋಗುವ ಹಕ್ಕು. ಇಬ್ಬರ ನಡುವಿನ ಒಪ್ಪಂದ ಆ ಹಾಸುಗಲ್ಲಿನಷ್ಟೇ ಅಗಲ.

ಪಬ್ಬಿನ ವಿಚಾರ ಬೇರೆ. ಗ್ರಿಂಟನ್‌ನಲ್ಲಿ ಚರ್ಚಿನ ಎದುರಿಗೇ ಬ್ರಿಡ್ಜ್ ಇನ್ ಇದೆ. ದಾರಿ, ಚರ್ಚು, ಪಬ್ಬು ಒಂದೆಡೆ ಸೇರುವುದನ್ನು ನೋಡಿ ಮೂರಕ್ಕೂ ಒಂದೇ ಬಗೆಯ ಆಯುಸ್ಸು ಎಂದುಕೊಳ್ಳುವುದು ಸಹಜ. ಕಾನೂನಿನಲ್ಲಿ ಹಾಗಿಲ್ಲ. 1552ರ ಕಾಯ್ದೆಯಿಂದ ಪಬ್ಬು ನಡೆಸಲು ಮ್ಯಾಜಿಸ್ಟ್ರೇಟರ ಪರವಾನಗಿ ಬೇಕಾಯಿತು, ಅಲ್ಲಿಯೂ ಸಹಿ ಇಬ್ಬರದೇ. 1830ರಲ್ಲಿ ಬಿಯರಿನ ಮಟ್ಟಿಗೆ ಇದು ಸಡಿಲವಾಗಿ, ತೆರಿಗೆ ಕಟ್ಟುವ ಯಾರೂ ಎರಡು ಗಿನಿ ಕೊಟ್ಟು ಅಂಗಡಿ ತೆರೆಯಬಹುದಾಯಿತು. ಎರಡೂ ಕಾಲದಲ್ಲಿ ಪರವಾನಗಿ ಇದ್ದದ್ದು ಮಾರುವವನಿಗೆ. ಕುಡಿಯುವವರ ಬಳಕೆಯಿಂದ ಯಾವ ಹಕ್ಕೂ ಹುಟ್ಟಲಿಲ್ಲ. ನೂರು ವರ್ಷ ಊರಿಗೆ ಊರೇ ಕೂತೆದ್ದ ಪಬ್ಬನ್ನೂ ಮಾಲೀಕ ಮಾರಬಹುದು.

ಹೀಗಾಗಿ ಪಬ್ಬು ಉಳಿಸಿಕೊಳ್ಳಲು ಊರವರು ಕಂಡುಕೊಂಡ ಉಪಾಯವೂ ಬೇರೆ: ಕೊಂಡುಕೊಳ್ಳುವುದು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯವರು 2003ರಲ್ಲಿ ತಮ್ಮೂರಿನ ಓಲ್ಡ್ ಕ್ರೌನ್ ಪಬ್ಬನ್ನು ಸಹಕಾರಿ ಸಂಘ ಮಾಡಿಕೊಂಡು ಕೊಂಡರು; ಬ್ರಿಟನ್ನಿನಲ್ಲಿ ಹಾಗೆ ಸಹಕಾರಿ ಒಡೆತನಕ್ಕೆ ಬಂದ ಮೊದಲ ಪಬ್ಬು ಅದು. 2011ರ ಲೋಕಲಿಸಂ ಕಾಯ್ದೆ ಇಂಥ ಊರುಗಳಿಗೆ ಒಂದಿಷ್ಟು ಸಮಯ ಕೊಟ್ಟಿತು. ಪಬ್ಬನ್ನು ಸಮುದಾಯದ ಆಸ್ತಿಯೆಂದು ಪಟ್ಟಿಗೆ ಸೇರಿಸಿಟ್ಟಿದ್ದರೆ, ಮಾರಾಟಕ್ಕೆ ಬಂದಾಗ ಹಣ ಹೊಂದಿಸಲು ಆರು ತಿಂಗಳು. ಊರವರು ಹಣ ಹೊಂದಿಸಿ ತಂದರೂ ಅವರಿಗೇ ಮಾರಬೇಕೆಂದು ಆ ಕಾಯ್ದೆ ಮಾಲೀಕನನ್ನು ಕಟ್ಟಿಹಾಕಲಿಲ್ಲ.