ಒಂದು ಹಾಳೆಯಲ್ಲಿ ಎಷ್ಟು ಆಯಾಮ?

ಕಳೆದ ವರ್ಷ ನಮ್ಮ ಸಂಘದ ಆರೋಗ್ಯ ಶಿಬಿರ ಮುಗಿದ ಮೇಲೆ, ರಕ್ತದ ಸಕ್ಕರೆ ತಪಾಸಣೆಯ ಫಲಿತಾಂಶವನ್ನು ನಾನು ಒಂದು ಪೈ ಚಾರ್ಟಿನಲ್ಲಿ ತೋರಿಸಿದ್ದೆ. ಸಹಜ, ಗಡಿಮಟ್ಟ, ಅಧಿಕ ಎಂಬ ಮೂರು ಹೋಳುಗಳು. ಸಭೆಯಲ್ಲಿದ್ದ ಹಿರಿಯರೊಬ್ಬರು, "ಡಾಕ್ಟ್ರೇ, ಈ ಕೆಂಪು ಹೋಳಿನಲ್ಲಿ ನಮ್ಮ ಮಕ್ಕಳ ವಯಸ್ಸಿನವರು ಎಷ್ಟು ಜನ?" ಎಂದು ಕೇಳಿದರು. ಚಿತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪೈ ಚಾರ್ಟು ಒಂದು ವರ್ಗೀಕರಣವನ್ನೂ ಅದರ ಪಾಲುಗಳನ್ನೂ ಹೇಳಬಲ್ಲದು. ವಯಸ್ಸೆಂಬ ಇನ್ನೊಂದು ಆಯಾಮಕ್ಕೆ ಅಲ್ಲಿ ಎಡೆಯಿಲ್ಲ. ಆ ಕೊರತೆ ನನ್ನನ್ನು ನಕ್ಷೆಗಳ ಇತಿಹಾಸದತ್ತ ಎಳೆದೊಯ್ದಿತು.

ಪೈ ಚಾರ್ಟಿನ ಜನಕ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರಲ್ಲಿ ವ್ಯಾಪಾರದ ಅಂಕಿಅಂಶಗಳನ್ನು ರೇಖೆ ಮತ್ತು ಸ್ತಂಭಗಳಲ್ಲಿ ಚಿತ್ರಿಸಿದ ಆತ 1801ರ ಪುಸ್ತಕದಲ್ಲಿ ವೃತ್ತವನ್ನು ಹೋಳು ಮಾಡಿದ. ವಿಶೇಷವೆಂದರೆ, ಅದೇ ಪುಸ್ತಕದಲ್ಲಿ ಆತ ಒಂದೇ ಆಯಾಮಕ್ಕೆ ತೃಪ್ತನಾಗಲಿಲ್ಲ. ವೃತ್ತದ ವಿಸ್ತಾರ ದೇಶದ ಭೂಪ್ರದೇಶ, ಎಡಗೆರೆ ಜನಸಂಖ್ಯೆ, ಬಲಗೆರೆ ತೆರಿಗೆಯ ಆದಾಯ. ಎರಡು ಗೆರೆಗಳ ತುದಿಗಳನ್ನು ಕೂಡಿಸಿದ ಓರೆಗೆರೆ ತೆರಿಗೆಯ ಹೊರೆಯನ್ನು ತೋರುತ್ತದೆಂದು ಆತ ನಂಬಿದ್ದ. ಆದರೆ ಆ ಓರೆ ವೃತ್ತದ ಅಗಲವನ್ನೂ ಅವಲಂಬಿಸುತ್ತದೆ. ದೇಶ ದೊಡ್ಡದಾದಷ್ಟೂ ಹೊರೆ ಹಗುರವೆಂಬ ಭ್ರಮೆ ಹುಟ್ಟುತ್ತದೆ. ಆಯಾಮಗಳನ್ನು ತುಂಬುವುದು ಸುಲಭ, ಅವು ಪರಸ್ಪರ ಕಾಲು ತುಳಿಯದಂತೆ ಕೂರಿಸುವುದು ಕಷ್ಟ.

ವೈದ್ಯನಾದ ನನಗೆ ಈ ಇತಿಹಾಸದಲ್ಲಿ ಅತ್ಯಂತ ಪ್ರಿಯವಾದ ಚಿತ್ರ ಫ್ಲಾರೆನ್ಸ್ ನೈಟಿಂಗೇಲ್ ಅವರದು. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಸತ್ತದ್ದು ಗಾಯಗಳಿಗಿಂತ ಹೆಚ್ಚಾಗಿ ರೋಗಗಳಿಂದ. 1855ರ ಜನವರಿ ಒಂದೇ ತಿಂಗಳಲ್ಲಿ, 32,393 ಮಂದಿಯ ಸೇನೆಯಲ್ಲಿ ಸಾಂಕ್ರಾಮಿಕ ಮೊದಲಾದ ತಡೆಯಬಹುದಾದ ರೋಗಗಳಿಗೆ 2,761 ಮಂದಿ ಬಲಿಯಾದರು. ಗಾಯಗಳಿಂದ ಸತ್ತವರು 83, ಇತರ ಕಾರಣಗಳಿಂದ 324. ಇದನ್ನು ಹೇಳಲು ಮೂರು ಹೋಳುಗಳ ಒಂದು ವೃತ್ತವೇ ಸಾಕಿತ್ತು. ಆದರೆ ಅವರು ಸರ್ಕಾರಕ್ಕೆ ಮನಗಾಣಿಸಬೇಕಾಗಿದ್ದ ಮಾತು ಬೇರೆ: 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗವು ಬಂದು ಚರಂಡಿ, ನೀರು, ಗಾಳಿಯ ವ್ಯವಸ್ಥೆಯನ್ನು ಸರಿಪಡಿಸತೊಡಗಿದ ಮೇಲೆ ಸಾವು ಇಳಿಯಿತು ಎಂಬುದು. ಅದಕ್ಕೆ ಕಾಲದ ಆಯಾಮ ಬೇಕೇ ಬೇಕು. ಹೀಗಾಗಿ 1858ರಲ್ಲಿ ಅವರು ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳುಗಳಿರುವ ಎರಡು ಹೂಗಳಂಥ ಚಿತ್ರವನ್ನು ಪ್ರಕಟಿಸಿದರು. ಎಸಳಿನ ದಿಕ್ಕು ತಿಂಗಳು, ಬಣ್ಣ ಸಾವಿನ ಕಾರಣ, ವಿಸ್ತಾರ ಸಾವಿನ ಪ್ರಮಾಣ. ಮೊದಲ ಹೂ 1855ರ ಮಾರ್ಚಿಗೆ ಮುಗಿಯುತ್ತದೆ, ಎರಡನೆಯದು ಏಪ್ರಿಲಿನಿಂದ ಕುಗ್ಗುತ್ತ ಹೋಗುತ್ತದೆ. ಇದಕ್ಕೂ ಮೊದಲಿನ ಒಂದು ರೂಪದಲ್ಲಿ ಅವರು ಪ್ರಮಾಣವನ್ನು ತ್ರಿಜ್ಯದ ಉದ್ದಕ್ಕೆ ಕೊಟ್ಟಿದ್ದರು. ಉದ್ದ ಇಮ್ಮಡಿಯಾದರೆ ವಿಸ್ತಾರ ನಾಲ್ಕು ಮಡಿಯಾಗಿ ಕಣ್ಣು ಮೋಸಹೋಗುತ್ತದೆ. ವಾದ ಎಷ್ಟೇ ನ್ಯಾಯವಾಗಿದ್ದರೂ ಉತ್ಪ್ರೇಕ್ಷೆ ಸಲ್ಲದೆಂದು ಅದನ್ನು ಬದಲಿಸಿದ್ದು ನನಗೆ ಹೂವಿಗಿಂತ ಹಿರಿದಾಗಿ ಕಾಣುತ್ತದೆ.

1869ರಲ್ಲಿ, ತನ್ನ 88ನೆಯ ವಯಸ್ಸಿನಲ್ಲಿ, ಫ್ರಾನ್ಸಿನ ಇಂಜಿನಿಯರ್ ಶಾರ್ಲ್ ಮಿನಾರ್ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯನ್ನು ಚಿತ್ರಿಸಿದ. ಸೇನೆಯ ಸಂಖ್ಯೆ, ಅದಿದ್ದ ಸ್ಥಳದ ಅಕ್ಷಾಂಶ ಮತ್ತು ರೇಖಾಂಶ, ದಿಕ್ಕು, ಉಷ್ಣತೆ, ದಿನಾಂಕ: ಆರು ಆಯಾಮ, ಒಂದೇ ಹಾಳೆ. 4,22,000 ಮಂದಿಯ ದಪ್ಪ ಪಟ್ಟಿ ಮರಳುವಾಗ 10,000ದ ಎಳೆಯಾಗಿರುತ್ತದೆ.

ಕಾಗದವನ್ನೇ ಬಿಟ್ಟು ಪರದೆಗೆ ಬಂದವರು ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್. 1972ರಲ್ಲಿ ಅವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯವನ್ನು ಕಲಿತವರು. ಮೂತ್ರಪಿಂಡದ ಎಕ್ಸ್-ರೇ ಒಂದನ್ನು ಓದುವಾಗ ಅಲ್ಲಿನ ವಿದ್ಯಾರ್ಥಿಗಳು ತಮಗಿಂತ ಎಷ್ಟೋ ಮುಂದಿರುವುದನ್ನು ಕಂಡು ಬೆರಗಾದೆನೆಂದು ಅವರೇ ಬರೆದಿದ್ದಾರೆ. 2006ರ ಪ್ರಸಿದ್ಧ ಉಪನ್ಯಾಸದಲ್ಲಿ ಅವರು ತೋರಿದ ಗುಳ್ಳೆಗಳ ನಕ್ಷೆಗಳಲ್ಲಿ ಎರಡು ಅಕ್ಷಗಳಿಗೆ ಎರಡು ಅಳತೆಗಳು, ಗುಳ್ಳೆಯ ಗಾತ್ರಕ್ಕೆ ಜನಸಂಖ್ಯೆ, ಬಣ್ಣಕ್ಕೆ ಭೂಭಾಗ. ಕಾಲಕ್ಕೆ ಚಲನೆಯೇ ಆಯಾಮ.

ನನ್ನ ಪೈ ಚಾರ್ಟನ್ನು ಈಗ ಬಿಚ್ಚಿ ಮತ್ತೆ ಬರೆದಿದ್ದೇನೆ. ಅಡ್ಡಲಾಗಿ ವಯಸ್ಸು, ನೆಟ್ಟಗೆ ಸಕ್ಕರೆಯ ಮಟ್ಟ. ಈಗಾಗಲೇ ಔಷಧಿ ಸೇವಿಸುತ್ತಿರುವವರಿಗೆ ನೀಲಿ ಚುಕ್ಕೆ, ಉಳಿದವರಿಗೆ ಕಿತ್ತಳೆ. ಮೇಲೆ ಎಡಮೂಲೆಯಲ್ಲಿ, ನಲವತ್ತು ದಾಟದವರ ಜಾಗದಲ್ಲಿ, ನಾನು ಎಣಿಸಿದ್ದಕ್ಕಿಂತ ಹೆಚ್ಚು ಕಿತ್ತಳೆ ಚುಕ್ಕೆಗಳಿವೆ. ಆ ಹಿರಿಯರಿಗೆ ಚಿತ್ರವನ್ನು ಕಳುಹಿಸಿದ್ದೇನೆ. ಆ ಚುಕ್ಕೆಗಳ ಹಿಂದಿರುವವರಿಗೆ ಒಬ್ಬೊಬ್ಬರಾಗಿ ದೂರವಾಣಿ ಮಾಡುತ್ತಿದ್ದೇನೆ.