ಕಾವಲುಗಾರನ ಗುರುತು: ಬಸ್ರೂರಿನ ರಹದಾರಿಯಿಂದ ಪಹಣಿಯ ಹೆಬ್ಬೆಟ್ಟಿನವರೆಗೆ



ಕಚೇರಿ, ಬ್ಯಾಂಕು, ಆಸ್ಪತ್ರೆಗಳ ಗಣಕಯಂತ್ರಗಳು ಇಂದು ಒಂದಕ್ಕೊಂದು ಜೋಡಣೆಗೊಂಡು ಜಾಲವಾಗಿವೆ. ಈ ಜಾಲಕ್ಕೆ ಒಂದು ಕಾವಲು ವ್ಯವಸ್ಥೆ ಇರುತ್ತದೆ. ಯಾರು ಯಾವಾಗ ಒಳಗೆ ಬಂದರು, ಯಾವ ಕಡತ ತೆರೆದರು, ಏನನ್ನು ತಿದ್ದಿದರು ಎಂಬುದನ್ನೆಲ್ಲ ಅದು ಹಗಲಿರುಳು ಬರೆದಿಡುತ್ತದೆ. ಆ ದಿನಚರಿಯನ್ನು ನೋಡುವ ಅಧಿಕಾರ ಕೆಲವೇ ಮಂದಿಗೆ ಇರುತ್ತದೆ. ಅವರಲ್ಲೊಬ್ಬರ ವೇಷ ತೊಟ್ಟು ಕಳ್ಳನೇ ಒಳಗೆ ಬಂದರೆ ಗತಿ ಏನು? ಮೊದಲು ಅವನು ತನ್ನ ಹೆಜ್ಜೆಗುರುತನ್ನು ಅಳಿಸುತ್ತಾನೆ. ಆದ್ದರಿಂದ ಕಾವಲುಗಾರನ ಗುರುತನ್ನು ಹೇಗೆ ಪರೀಕ್ಷಿಸಬೇಕು ಎಂಬುದು ಬಹಳ ಮುಖ್ಯವಾದ ಆಯ್ಕೆ. ಆದರೆ ಈ ಪ್ರಶ್ನೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ನಮ್ಮ ಕರಾವಳಿಯಲ್ಲಿಯೇ ಅದಕ್ಕೆ ನೂರಾರು ವರ್ಷಗಳ ಇತಿಹಾಸವಿದೆ.

ಒಬ್ಬ ಮನುಷ್ಯನನ್ನು ಗುರುತಿಸುವ ದಾರಿಗಳು ಮೂರೇ: ಅವನಿಗೆ ಗೊತ್ತಿರುವುದು, ಅವನ ಕೈಯಲ್ಲಿರುವುದು, ಅವನ ದೇಹದಲ್ಲಿಯೇ ಇರುವುದು. ಗುಟ್ಟಿನ ಮಾತು ಮೊದಲನೆಯದು, ಮುದ್ರೆಯುಂಗುರ ಎರಡನೆಯದು, ಹೆಬ್ಬೆಟ್ಟಿನ ಗುರುತು ಮೂರನೆಯದು.

ಕುಂದಾಪುರದ ಸಮೀಪ ವಾರಾಹಿ ನದಿಯ ದಂಡೆಯಲ್ಲಿರುವ ಬಸ್ರೂರು ಒಂದು ಕಾಲದ ಹೆಸರಾಂತ ಬಂದರು. ಇಲ್ಲಿಂದ ಅಕ್ಕಿ ತುಂಬಿದ ಹಡಗುಗಳು ಹೊರಡುತ್ತಿದ್ದವು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ಕಾವಲು ಹಾಕಿ, ಪ್ರತಿ ಹಡಗೂ ತಮ್ಮಿಂದ ‘ಕರ್ತಾಸ್’ ಎಂಬ ರಹದಾರಿ ಪತ್ರ ಪಡೆಯಬೇಕೆಂದು ವಿಧಿಸಿದರು. 1569ರಲ್ಲಿ ಅವರು ಬಸ್ರೂರನ್ನೂ ವಶಪಡಿಸಿಕೊಂಡರು. ಪತ್ರವಿಲ್ಲದ ಹಡಗು ಸಿಕ್ಕಿದರೆ ಸರಕು ಸಮೇತ ಮುಟ್ಟುಗೋಲು. ಇದು ‘ಕೈಯಲ್ಲಿರುವ’ ಗುರುತು. ಅದರ ದೌರ್ಬಲ್ಯವೂ ಸ್ಪಷ್ಟ. ಕಾಗದವನ್ನು ಕದಿಯಬಹುದು, ಇನ್ನೊಬ್ಬನಿಗೆ ಕೊಡಬಹುದು. ಆದ್ದರಿಂದಲೇ ಆ ಪತ್ರದಲ್ಲಿ ನಾವಿಕನ ಹೆಸರು, ಹಡಗಿನ ಗಾತ್ರ, ಹೋಗುವ ಊರು ಮುಂತಾದ ವಿವರಗಳನ್ನು ಬರೆಯುತ್ತಿದ್ದರು. ಪತ್ರವನ್ನು ಅದರ ಒಡೆಯನಿಗೆ ಕಟ್ಟಿಹಾಕುವ ಪ್ರಯತ್ನವಿದು. ಇನ್ನೊಂದು ಮಾತನ್ನೂ ಮರೆಯಬಾರದು. ಆ ಸಮುದ್ರ ಪೋರ್ಚುಗೀಸರದ್ದಾಗಿರಲಿಲ್ಲ. ಗುರುತು ಕೇಳುವವನಿಗೆ ಕೇಳುವ ಹಕ್ಕನ್ನು ಕೊಟ್ಟವರಾರು ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ.

ಬ್ರಹ್ಮಾವರದ ಪಕ್ಕದ ಬಾರಕೂರು ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ, ಎಂದರೆ ಪ್ರಾಂತದ, ಮುಖ್ಯ ಪಟ್ಟಣವಾಗಿತ್ತು. ವಿಜಯನಗರದ ಅರಸರ ತಾಮ್ರಶಾಸನಗಳ ಕೊನೆಯಲ್ಲಿ, ಶಾಸನದ ಭಾಷೆ ಸಂಸ್ಕೃತವಾಗಿದ್ದರೂ, ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವನ್ನು ಕಾಣುತ್ತೇವೆ. ಅದು ಅರಸನ ರುಜು. ಆದರೆ ರುಜುವನ್ನು ನೋಡಿ ಬರೆಯಬಲ್ಲವನು ಅದನ್ನು ನಕಲು ಮಾಡಲೂಬಲ್ಲ.

ದೇಹವೇ ಗುರುತಾದದ್ದು ಬಂಗಾಳದಲ್ಲಿ. 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಅಚ್ಚು ಹಾಕಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಆರಂಭವಾಯಿತು. ಲಕ್ಷಾಂತರ ಅಚ್ಚುಗಳ ನಡುವೆ ಒಂದನ್ನು ಹುಡುಕಿ ತೆಗೆಯುವ ವರ್ಗೀಕರಣದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ಶ್ರಮವಿತ್ತು.

ಇನ್ನು ‘ಗೊತ್ತಿರುವುದರ’ ಕಥೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹಲವರು ಒಂದೇ ಗಣಕಯಂತ್ರವನ್ನು ಹಂಚಿಕೊಂಡು ಬಳಸುತ್ತಿದ್ದರು. ಫರ್ನಾಂಡೊ ಕೊರ್ಬಾಟೊ ಅವರ ತಂಡ ಅಲ್ಲಿ ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟಿತು. 1962ರಲ್ಲಿಯೇ ಅಲನ್ ಶೆರ್ ಎಂಬ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆಂದು, ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿ ತೆಗೆದುಕೊಂಡ! ಗುಟ್ಟನ್ನು ಇದ್ದಂತೆಯೇ ಬರೆದಿಟ್ಟದ್ದೇ ಅಲ್ಲಿನ ದೋಷ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇದಕ್ಕೆ ಯುನಿಕ್ಸ್‌ನಲ್ಲಿ ಅನುಸರಿಸಿದ ಪರಿಹಾರವನ್ನು ವಿವರಿಸಿದರು. ಪಾಸ್‌ವರ್ಡನ್ನು ಹಿಂದಿರುಗಿಸಲಾಗದ ಗಣಿತಕ್ರಿಯೆಗೆ ಒಳಪಡಿಸಿ, ಬಂದ ಉತ್ತರವನ್ನಷ್ಟೇ ಉಳಿಸಿಕೊಳ್ಳಬೇಕು. ಅಕ್ಕಿಯನ್ನು ಹಿಟ್ಟು ಮಾಡಬಹುದು, ಹಿಟ್ಟನ್ನು ಮತ್ತೆ ಅಕ್ಕಿ ಮಾಡಲಾಗದು, ಹಾಗೆ.

1986ರಲ್ಲಿ ಬರ್ಕ್ಲಿ ಪ್ರಯೋಗಶಾಲೆಯ ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಗಣಕ ಬಳಕೆಯ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡರು. ಅದನ್ನೇ ಹಿಂಬಾಲಿಸಿ, ದೂರದ ಜರ್ಮನಿಯಿಂದ ನುಸುಳುತ್ತಿದ್ದವನನ್ನು ಪತ್ತೆ ಹಚ್ಚಿದರು. ಅವರ ಜಾಣ್ಮೆಯನ್ನು ಗಮನಿಸಿ. ನುಸುಳುಕೋರನ ಚಲನವಲನವನ್ನು ಅವರು ಅದೇ ಯಂತ್ರದಲ್ಲಿ ದಾಖಲಿಸಲಿಲ್ಲ. ಒಳಬರುವ ತಂತಿಗಳಿಗೆ ಪ್ರತ್ಯೇಕ ಮುದ್ರಣಯಂತ್ರಗಳನ್ನು ಜೋಡಿಸಿ ಕಾಗದದ ಮೇಲೆ ಅಚ್ಚು ತೆಗೆದರು. ಕಳ್ಳನ ಕೈಗೆ ಎಟುಕದ ಕಡೆ ಕಾವಲಿನ ದಿನಚರಿ ಇರಬೇಕೆಂಬ ಪಾಠ ಇದರಲ್ಲಿದೆ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಜಮೀನಿನ ಪಹಣಿ ಹಿಂದೆ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ಒಂದು ಸಾಲು ತಿದ್ದಿದರೆ ಒಂದು ಕುಟುಂಬದ ಗದ್ದೆ ಬೇರೆಯವರ ಹೆಸರಿಗೆ ಹೋಗಬಹುದಾಗಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆಗಿನ 177 ತಾಲ್ಲೂಕುಗಳಲ್ಲಿ ಕುಂದಾಪುರವೂ ಒಂದು. ಬೈಂದೂರು ಆಗ ಕುಂದಾಪುರ ತಾಲ್ಲೂಕಿಗೂ ಬ್ರಹ್ಮಾವರ ಉಡುಪಿ ತಾಲ್ಲೂಕಿಗೂ ಸೇರಿದ್ದವು.

ದಾಖಲೆ ತಿದ್ದುವ ನೌಕರನನ್ನು ಗುರುತಿಸುವುದು ಹೇಗೆ? ಪಾಸ್‌ವರ್ಡ್ ಅಗ್ಗದ ದಾರಿ. ಆದರೆ ಅದನ್ನು ಸಹೋದ್ಯೋಗಿಗೆ ಹೇಳಿಬಿಡಬಹುದು. ನಾಳೆ ತಪ್ಪು ಹೊರಬಿದ್ದರೆ ‘ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದ್ದಾರೆ’ ಎನ್ನಬಹುದು. ಆದ್ದರಿಂದ ‘ಭೂಮಿ’ಯಲ್ಲಿ ಬೆರಳಚ್ಚನ್ನು ಆರಿಸಿಕೊಂಡರು. ಯಾರು ಯಾವ ಬದಲಾವಣೆ ಮಾಡಿದರೆಂಬುದು ಅಧಿಕಾರಿಯ ಹೆಸರಿನೊಡನೆ ದಾಖಲಾಗತೊಡಗಿತು. ಬಹುಕಾಲ ರೈತನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಕಚೇರಿ, ಈಗ ತಾನೇ ಬೆರಳು ಒತ್ತಬೇಕಾಯಿತು!

ಹಾಗಾದರೆ ಬೆರಳಚ್ಚೇ ಕೊನೆಯ ಉತ್ತರವೇ? ಅಲ್ಲ. 2023ರಲ್ಲಿ ಮಂಗಳೂರು ಪೊಲೀಸರಿಗೆ ವಿಚಿತ್ರ ದೂರುಗಳು ಬಂದವು. ಆಸ್ತಿ ನೋಂದಣಿ ಮಾಡಿಸಿ ಬಂದವರ ಖಾತೆಗಳಿಂದ, ಆಧಾರ್ ಆಧಾರಿತ ಪಾವತಿಯ ಮೂಲಕ, ಹಣ ಮಾಯವಾಗಿತ್ತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನೇ ನಕಲು ಮಾಡಿರುವ ಶಂಕೆ ಎದ್ದಿತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗುತ್ತದೆಯೇ? ಕಲ್ಲು, ಮಣ್ಣು, ಬಲೆಗಳ ಕೆಲಸದಲ್ಲಿ ರೇಖೆಗಳು ಸವೆದವರ ಬೆರಳನ್ನು ಯಂತ್ರ ಒಪ್ಪದೆಯೂ ಹೋಗಬಹುದು.

ಹಾಗಾದರೆ ಜಾಲದ ಕಾವಲಿಗೆ ಯಾವುದನ್ನು ಆರಿಸಬೇಕು? ಇತಿಹಾಸ ನಾಲ್ಕು ಸೂತ್ರಗಳನ್ನು ಹೇಳಿಕೊಡುತ್ತದೆ. ಒಂದು, ಪ್ರತಿಯೊಬ್ಬ ಕಾವಲುಗಾರನಿಗೂ ಅವನದೇ ಖಾತೆ ಇರಬೇಕು. ಪಾಳಿಯವರೆಲ್ಲ ಒಂದೇ ಹೆಸರಿನಲ್ಲಿ ಒಳಹೊಕ್ಕರೆ ದಿನಚರಿಗೆ ಅರ್ಥವಿಲ್ಲ. ಎರಡು, ಮೂರು ದಾರಿಗಳಲ್ಲಿ ಕನಿಷ್ಠ ಎರಡನ್ನು ಸೇರಿಸಬೇಕು. ಕಿಸೆಯಲ್ಲಿಡುವ ಪುಟ್ಟ ವಿದ್ಯುನ್ಮಾನ ಕೀಲಿ ಮತ್ತು ಮನಸ್ಸಿನಲ್ಲಿರುವ ಗುಟ್ಟಿನ ಸಂಖ್ಯೆ ಒಳ್ಳೆಯ ಜೋಡಿ. ಒಂದು ಕಳೆದರೂ ಇನ್ನೊಂದು ಕಾಯುತ್ತದೆ. ಮೂರು, ಕಾಯಲ್ಪಡುವ ಜಾಲದ ಬಳಕೆದಾರರ ಪಟ್ಟಿಯನ್ನೇ ಕಾವಲು ವ್ಯವಸ್ಥೆ ನಂಬಬಾರದು. ಆ ಪಟ್ಟಿ ಕಳ್ಳನ ವಶವಾದರೆ ಎರಡೂ ಅವನ ವಶ. ನಾಲ್ಕು, ಪರೀಕ್ಷಿಸುವ ಯಂತ್ರವೇ ಕೆಟ್ಟ ದಿನಕ್ಕಾಗಿ ಒಂದು ತುರ್ತು ಖಾತೆಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಇಟ್ಟಿರಬೇಕು, ಲಕೋಟೆ ಒಡೆದದ್ದು ಎಲ್ಲರಿಗೂ ತಿಳಿಯುವಂತಿರಬೇಕು.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಗೇಣಿ ಚೀಟಿಯೋ ಕ್ರಯಪತ್ರವೋ ಇದ್ದರೆ ತೆಗೆದು ನೋಡಿ. ಅದರಲ್ಲಿ ರುಜು ಎಷ್ಟು, ಹೆಬ್ಬೆಟ್ಟು ಎಷ್ಟು, ಸಾಕ್ಷಿಗಳು ಯಾರು ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ಯೋಚಿಸಿ: ಆ ಪತ್ರವನ್ನು ಸುಳ್ಳು ಮಾಡಬೇಕಾದರೆ ಎಷ್ಟು ಜನ ಸೇರಿ ಸುಳ್ಳು ಹೇಳಬೇಕಾಗಿತ್ತು?